ಪಾಡ್‌ಕಾಸ್ಟ್: ಖಾಸಗಿ ಶಾಲೆ ಟೀಚರ್‌ಗೆ ಪಿಎಫ್ ಪಿಂಚಣಿ ಸಾಕಾಗುತ್ತಾ? ಹೆಚ್ಚುವರಿ ಉಳಿತಾಯ ಆರಿಸೋದು ಹೇಗೆ?

ಎನ್‌ಪಿಎಸ್ ಬೇಡ, ಹಳೇ ಪಿಂಚಣಿ ಬೇಕು ಅಂತ ಸರ್ಕಾರಿ ಶಿಕ್ಷಕರು ಹೋರಾಟ ಮಾಡುವ ಸುದ್ದಿ ನೀವು ಓದಿರ್ತೀರಿ. ಖಾಸಗಿ ಶಾಲೆಯಲ್ಲಿ ಪಾಠ ಮಾಡುವವರ ಪಿಂಚಣಿ ಮಾತ್ರ ಸುದ್ದಿಯಾಗುವುದು ಕಡಿಮೆ. ಇವತ್ತು ಅವರ ಲೆಕ್ಕ ನೋಡೋಣ.

ಮೊದಲು, ಈಗ ಏನು ಸಿಗುತ್ತೆ? 20 ಅಥವಾ ಹೆಚ್ಚು ಸಿಬ್ಬಂದಿ ಇರುವ ಶಾಲೆಗೆ ಪಿಎಫ್ ಕಾನೂನು ಅನ್ವಯಿಸುತ್ತದೆ. ಬೇಸಿಕ್ ಮತ್ತು ತುಟ್ಟಿಭತ್ಯೆಯ ಶೇ 12 ನಿಮ್ಮ ಸಂಬಳದಿಂದ ಹೋಗುತ್ತೆ, ಅಷ್ಟೇ ಪಾಲು ಆಡಳಿತ ಮಂಡಳಿ ಹಾಕಬೇಕು. ಆಡಳಿತ ಮಂಡಳಿಯ ಪಾಲಿನಲ್ಲಿ ಶೇ 8.33 ಪಿಂಚಣಿ ಯೋಜನೆಗೆ, ಅಂದ್ರೆ ಇಪಿಎಸ್‌ಗೆ ಹೋಗುತ್ತದೆ. ಇಲ್ಲೇ ಒಂದು ಮಿತಿ ಇದೆ. ಬೇಸಿಕ್ ಎಷ್ಟೇ ಇರಲಿ, ಲೆಕ್ಕಕ್ಕೆ ಬರೋದು 15,000 ರೂಪಾಯಿ ಮಾತ್ರ. ಹಾಗಾಗಿ ಪಿಂಚಣಿ ಖಾತೆಗೆ ಬೀಳೋದು ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ.

ಪಿಂಚಣಿ ಲೆಕ್ಕ ಸರಳ. ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ. 58ರವರೆಗೆ 30 ವರ್ಷ ದುಡಿದರೆ 2 ವರ್ಷ ಬೋನಸ್ ಸೇರಿ 32 ವರ್ಷ. 15,000 ಗುಣಿಸು 32, ಭಾಗಿಸು 70. ಉತ್ತರ ಸುಮಾರು 6,857 ರೂಪಾಯಿ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ, 30 ವರ್ಷದ ನಂತರ ಆ ದುಡ್ಡಿಗೆ ಸಿಗೋದು ಇವತ್ತಿನ 1,200 ರೂಪಾಯಿಯ ಸಾಮಾನು! ಮಿತಿ ಮುಂದೆ ಏರಬಹುದು, ಆದರೆ ಅದನ್ನೇ ನಂಬಿ ಕೂರೋಕಾಗಲ್ಲ.

ಇನ್ನೊಂದು ವಿಷಯ. 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿ ಪಿಎಫ್‌ಗೆ ಸೇರಿದ್ದು, ಆಗಲೇ ಬೇಸಿಕ್ 15,000 ದಾಟಿದ್ದರೆ ನೀವು ಇಪಿಎಸ್‌ನಲ್ಲೇ ಇರಲ್ಲ. ಪೂರ್ತಿ ದುಡ್ಡು ಪಿಎಫ್‌ಗೆ ಹೋಗುತ್ತೆ, ತಿಂಗಳ ಪಿಂಚಣಿ ಬರಲ್ಲ.

ಹಾಗಾದರೆ ಹೆಚ್ಚುವರಿ ಉಳಿತಾಯ ಎಲ್ಲಿ? ಮುಖ್ಯವಾಗಿ ಮೂರು ದಾರಿ.

ಒಂದು, ವಿಪಿಎಫ್. ಶೇ 12ರ ಮೇಲೆ ನೀವೇ ಇಷ್ಟಪಟ್ಟು ಪಿಎಫ್‌ಗೆ ಸೇರಿಸುವ ದುಡ್ಡು. ಪಿಎಫ್‌ನ ಬಡ್ಡಿಯೇ ಇದಕ್ಕೂ ಸಿಗುತ್ತೆ. 2024–25ರಲ್ಲಿ ಅದು ಶೇ 8.25 ಇತ್ತು. ಸಂಬಳ ಕೈಗೆ ಬರುವ ಮೊದಲೇ ಕಡಿತ ಆಗೋದರಿಂದ ಖರ್ಚಾಗುವ ಭಯ ಇಲ್ಲ.

ಎರಡು, ಪಿಪಿಎಫ್. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿ. ಅವಧಿ 15 ವರ್ಷ. ಪಿಎಫ್ ಇಲ್ಲದ ಸಣ್ಣ ಶಾಲೆಯವರಿಗೆ ಇದು ಒಳ್ಳೆಯ ಆಸರೆ.

ಮೂರು, ಎನ್‌ಪಿಎಸ್. ಇದು ಸರ್ಕಾರಿ ನೌಕರರಿಗೆ ಮಾತ್ರ ಅಲ್ಲ, ಯಾರು ಬೇಕಾದರೂ ಸೇರಬಹುದು. ದುಡ್ಡಿನ ಒಂದು ಭಾಗ ಷೇರು ಮಾರುಕಟ್ಟೆಗೆ ಹೋಗುತ್ತೆ. ದೀರ್ಘಾವಧಿಯಲ್ಲಿ ಹೆಚ್ಚು ಬೆಳೆಯುವ ಅವಕಾಶ ಇದೆ, ಖಾತ್ರಿ ಇಲ್ಲ. ಮೊತ್ತ ಸಣ್ಣದಲ್ಲದಿದ್ದರೆ ಕೊನೆಯಲ್ಲಿ ಒಂದು ಪಾಲಿನಿಂದ ಪಿಂಚಣಿಯನ್ನೇ ಖರೀದಿಸಬೇಕು.

25–30ರ ವಯಸ್ಸಿನವರಾದರೆ, ಶಾಲೆಯಲ್ಲಿ ಪಿಎಫ್ ಇದ್ದರೆ, ವಿಪಿಎಫ್‌ನಿಂದ ಶುರು ಮಾಡೋದು ಸುಲಭ. ಮೊತ್ತ ಹೇಳುವ ಬದಲು ‘ಬೇಸಿಕ್‌ನ ಶೇ 5’ ಅಂತ ಬರೆದುಕೊಡಿ. ಸಂಬಳ ಏರಿದಂತೆ ಉಳಿತಾಯವೂ ತಾನಾಗೇ ಏರುತ್ತೆ. ಕೈಯಲ್ಲಿ ಇನ್ನೂ ಸ್ವಲ್ಪ ಉಳಿದರೆ ಎನ್‌ಪಿಎಸ್ ನೋಡಿ. ಆದರೆ ಮೂರ್ನಾಲ್ಕು ತಿಂಗಳ ಖರ್ಚಿನ ದುಡ್ಡು ಮೊದಲು ಬ್ಯಾಂಕಿನಲ್ಲಿರಲಿ. ಇವೆಲ್ಲ ಬೇಕೆಂದಾಗ ಪೂರ್ತಿ ತೆಗೆಯುವ ಖಾತೆಗಳಲ್ಲ.

ಬೇಗ ಶುರು ಮಾಡಿದರೆ ಏನು ಲಾಭ? ತಿಂಗಳಿಗೆ 2,000 ರೂಪಾಯಿ, ಬಡ್ಡಿ ಶೇ 8 ಅಂದುಕೊಳ್ಳಿ. 28ಕ್ಕೆ ಶುರು ಮಾಡಿದರೆ 58ಕ್ಕೆ ಸುಮಾರು 28 ಲಕ್ಷ. 38ಕ್ಕೆ ಶುರು ಮಾಡಿದರೆ ಸುಮಾರು 11 ಲಕ್ಷ.

ಫೆಬ್ರುವರಿ, ಮಾರ್ಚ್ ಬಂತೆಂದರೆ ಸ್ಟಾಫ್‌ರೂಮಿಗೆ ‘ಟ್ಯಾಕ್ಸ್ ಉಳಿಯುತ್ತೆ, ಪಾಲಿಸಿ ಮಾಡಿಸಿ ಮೇಡಂ’ ಅಂತ ಬರುವವರಿದ್ದಾರೆ. ತಿಂಗಳಿಗೆ 30,000 ಸಂಬಳದವರಿಗೆ ಹಳೇ ಪದ್ಧತಿಯಲ್ಲೂ ಹೊಸ ಪದ್ಧತಿಯಲ್ಲೂ ಆದಾಯ ತೆರಿಗೆಯೇ ಬೀಳಲ್ಲ. ಇಲ್ಲದ ತೆರಿಗೆ ಉಳಿಸೋಕೆ 20 ವರ್ಷದ ಪಾಲಿಸಿ ಯಾಕೆ?

ಕೊನೆಯ ಮಾತು. ಶಾಲೆ ಬದಲಿಸಿದಾಗ ಪಿಎಫ್ ಬಿಡಿಸಿಕೊಳ್ಳಬೇಡಿ, ಅದೇ ಯುಎಎನ್‌ಗೆ ಟ್ರಾನ್ಸ್‌ಫರ್ ಮಾಡಿಸಿ. ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ನಡುವೆ ಪಿಂಚಣಿ ದುಡ್ಡು ತೆಗೆದರೆ ಎಣಿಕೆ ಮತ್ತೆ ಸೊನ್ನೆಯಿಂದ. ಇವತ್ತೇ ಫೋನಿನಲ್ಲಿ ಉಮಂಗ್ ಆ್ಯಪ್ ತೆರೆದು ಪಾಸ್‌ಬುಕ್ ನೋಡಿ. ಪಿಂಚಣಿ ಕಾಲಂನಲ್ಲಿ ದುಡ್ಡು ಬೀಳ್ತಿದೆಯಾ? ಇಲ್ಲ ಅಂದ್ರೆ, ಯಾಕೆ ಅಂತ ನಾಳೆ ಆಫೀಸಿನಲ್ಲಿ ಕೇಳಿ.