ಕಛೇರಾ: ಹೊರಗೆ ಕಾಣದ ದೀಕ್ಷಾವಸ್ತ್ರ

ಅಮೃತ ದೀಕ್ಷೆ ಪಡೆದ ಸಿಖ್ಖರು, ಗಂಡಸರಿರಲಿ ಹೆಂಗಸರಿರಲಿ, ಉಡುಪಿನ ಒಳಗೆ ತಪ್ಪದೆ ತೊಡುವ ಲಾಡಿ ಚಡ್ಡಿಗೆ ಕಛೇರಾ ಎಂದು ಹೆಸರು. ಈ ದೀಕ್ಷಿತರ ಸಮುದಾಯವಾದ ಖಾಲ್ಸಾ ಪಂಥದ ಐದು ಗುರುತುಗಳಾದ ‘ಕಕಾರ’ಗಳಲ್ಲಿ ಇದೂ ಒಂದು. ಉಳಿದವು ಕೇಶ, ಕಂಘಾ ಎಂಬ ಮರದ ಬಾಚಣಿಗೆ, ಕಡಾ ಎಂಬ ಉಕ್ಕಿನ ಬಳೆ ಮತ್ತು ಕೃಪಾಣ ಎಂಬ ಕತ್ತಿ. ಸಿಖ್ಖರೆಂದರೆ ಎಲ್ಲರ ಕಣ್ಣಮುಂದೆ ಬರುವ ಪೇಟ ಈ ಐದರಲ್ಲಿ ಸೇರಿಲ್ಲ. ಅದು ಕೇಶವನ್ನು ಕಾಪಾಡುವ ಗೌರವದ ಉಡುಗೆ. ಹೊರಗಿನವರು ಕಛೇರಾವನ್ನು ಕಾಣುವುದೇ ಅಪರೂಪ. ತೊಟ್ಟವರು ಪಾಲಿಸುತ್ತಿದ್ದಾರೋ ಇಲ್ಲವೋ ಎಂಬುದು ಅವರಿಗಷ್ಟೇ ಗೊತ್ತು. ಅದರ ಮಹತ್ವವೂ ಬಹುಮಟ್ಟಿಗೆ ಅಲ್ಲೇ ಇದೆ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಲುಂಗಿ ಎತ್ತಿಕಟ್ಟಿ ಕಬ್ಬಿನ ಗದ್ದೆಗೆ ಇಳಿಯುವ ರೈತರ ಪಟಾಪಟಿ ಚಡ್ಡಿಯನ್ನು ನೋಡಿದವರಿಗೆ ಕಛೇರಾದ ರೂಪ ಸುಲಭವಾಗಿ ಹೊಳೆಯುತ್ತದೆ. ಅದೇ ಉದ್ದ, ಸೊಂಟಕ್ಕೆ ಅದೇ ಲಾಡಿ. ಆದರೆ ಕಛೇರಾ ಸಾಮಾನ್ಯವಾಗಿ ಬಿಳಿ ಹತ್ತಿಬಟ್ಟೆಯದು. ಸೊಂಟದ ಸುತ್ತ ನೆರಿಗೆ ಕೂಡುವಷ್ಟು ಬಟ್ಟೆಯನ್ನು ಧಾರಾಳವಾಗಿ ಬಿಟ್ಟು, ಕಾಲಿನ ಬಾಯಿಯನ್ನು ಕಿರಿದು ಮಾಡಿ ಹೊಲಿಯುತ್ತಾರೆ. ಕುದುರೆ ಏರಿದರೂ, ಓಡಿದರೂ, ನೆಲದ ಮೇಲೆ ಕಾಲು ಮಡಿಸಿ ಕೂತರೂ ಎಲ್ಲೂ ಹಿಡಿಯುವುದಿಲ್ಲ. ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ 1945ರಲ್ಲಿ ಒಪ್ಪಿದ ಸಿಖ್ ರೆಹತ್ ಮರ್ಯಾದಾ ಯಾವ ಬಟ್ಟೆಯನ್ನಾದರೂ ಬಳಸಬಹುದೆಂದು ಹೇಳುತ್ತದೆ. ಕೆಳಗೆ ತೀರಾ ಇಳಿಬೀಳಬಾರದು, ಅಷ್ಟೇ.

ಈ ವಸ್ತ್ರದ ಕಥೆಯಲ್ಲಿ ಕರ್ನಾಟಕಕ್ಕೂ ದೊಡ್ಡ ಪಾಲಿದೆ. 1699ರ ವೈಶಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಬಿಚ್ಚುಗತ್ತಿ ಹಿಡಿದು ತಲೆ ಕೊಡುವವರು ಯಾರೆಂದು ಕೇಳಿದಾಗ ಒಬ್ಬರಾದ ಮೇಲೊಬ್ಬರಂತೆ ಐವರು ಎದ್ದು ಬಂದರು. ಅವರೇ ಪಂಜ್ ಪ್ಯಾರೇ. ಲಾಹೋರಿನ ದಯಾರಾಮ್, ಹಸ್ತಿನಾಪುರದ ಧರಮ್ ದಾಸ್, ಪುರಿಯ ಹಿಮ್ಮತ್, ದ್ವಾರಕೆಯ ಮೊಹಕಮ್ ಚಂದ್, ಮತ್ತು ನಮ್ಮ ಬೀದರಿನ ಸಾಹಿಬ್ ಚಂದ್. ಸಾಹಿಬ್ ಚಂದರದು ಕ್ಷೌರಿಕ ವೃತ್ತಿಯ ಮನೆತನ. ಹಿಮ್ಮತ್ ನೀರು ಹೊರುವವರ ಮನೆಯವರು. ಐವರೂ ಒಂದೇ ಬಟ್ಟಲಿನಿಂದ ಅಮೃತ ಕುಡಿದು ಸಿಂಗ್ ಎನಿಸಿಕೊಂಡರು. ಆಮೇಲೆ ಗುರುಗಳೇ ಅವರ ಮುಂದೆ ಕೈಯೊಡ್ಡಿ ದೀಕ್ಷೆ ಬೇಡಿದರು. ಬೀದರಿನ ಸಾಹಿಬ್ ಸಿಂಗ್ ಮುಂದೆ ಚಮಕೌರ್ ಯುದ್ಧದಲ್ಲಿ ಪ್ರಾಣ ಬಿಟ್ಟರು. ಕಕಾರಗಳೆಲ್ಲ ಆ ವೈಶಾಖಿಯಂದೇ ಗೊತ್ತಾದವೆಂಬುದು ಸಂಪ್ರದಾಯದ ನಂಬಿಕೆ. ಐದರ ಪಟ್ಟಿ ಈಗಿನ ರೂಪಕ್ಕೆ ಬಂದದ್ದು ನಿಧಾನವಾಗಿ ಎಂಬುದು ಕೆಲವು ಇತಿಹಾಸಕಾರರ ವಾದ.

ಪಂಚೆ ಉಡುವ ರೀತಿಯನ್ನು ನೋಡಿಯೇ ಜಾತಿ, ಸೀಮೆಗಳನ್ನು ಗುರುತು ಹಿಡಿಯುತ್ತಿದ್ದ ಕಾಲ ಅದು. ಕ್ಷೌರಿಕರಿಗೂ ಖತ್ರಿಗಳಿಗೂ, ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ಹೊಲಿದ ಉಡುಪು ಎಂಬುದು ಆ ಕಾಲಕ್ಕೆ ಸಣ್ಣ ಮಾತಲ್ಲ. ದೀಕ್ಷೆಯೊಂದಿಗೆ ಗುರುತುಗಳನ್ನು ಪಡೆಯುವುದು ಮಂಡ್ಯ ಸೀಮೆಗೂ ಹೊಸತಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಪರಂಪರೆಯಲ್ಲಿ ನೀಲಗಾರರು ದೀಕ್ಷೆ ಪಡೆದೇ ತಂಬೂರಿ ಹಿಡಿಯುತ್ತಾರೆ. ಆದರೆ ಅದು ಹಾಡುವವರ ದೀಕ್ಷೆ. ಖಾಲ್ಸಾದ ಗುರುತುಗಳು ಅಮೃತ ಪಡೆದ ಪ್ರತಿಯೊಬ್ಬರಿಗೂ ಸಲ್ಲುತ್ತವೆ.

ಕಛೇರಾ ಹೇಳುವ ಮೊದಲ ಮಾತು ಸನ್ನದ್ಧತೆ. ಕರೆ ಬಂದ ಗಳಿಗೆಯಲ್ಲಿ ಎದ್ದು ಹೊರಡಲು ಸಡಿಲವಾದ ಪಂಚೆ ಅಡ್ಡಿ. ಇನ್ನೊಂದು, ಇನ್ನೂ ಆಳವಾದದ್ದು, ಇಂದ್ರಿಯ ನಿಗ್ರಹ. ಸಿಖ್ ಧರ್ಮ ಸನ್ಯಾಸವನ್ನು ಬೋಧಿಸುವುದಿಲ್ಲ. ಸಂಸಾರದಲ್ಲಿದ್ದೇ ಶುದ್ಧವಾಗಿ ಬಾಳಬೇಕೆನ್ನುತ್ತದೆ. ಅಮೃತಧಾರಿಗಳಿಗೆ ನಿಷಿದ್ಧವಾದ ನಾಲ್ಕರಲ್ಲಿ ಕೂದಲು ಕತ್ತರಿಸುವುದು, ಕುಠಾ (ಹಲಾಲ್ ಮಾಡಿದ) ಮಾಂಸ, ತಂಬಾಕುಗಳ ಜೊತೆ ಪರಸಂಗವೂ ಸೇರಿದೆ. ದಿನಕ್ಕೊಮ್ಮೆ ಲಾಡಿ ಬಿಗಿಯುವಾಗ ಆ ಮಾತು ನೆನಪಾಗಬೇಕೆಂಬುದು ಉದ್ದೇಶ. ಕಟ್ಟುನಿಟ್ಟಿನ ಅಮೃತಧಾರಿಗಳು ಸ್ನಾನದ ವೇಳೆಯಲ್ಲೂ ಇದನ್ನು ಪೂರ್ತಿ ಕಳಚುವುದಿಲ್ಲ. ಹಳೆಯದರಿಂದ ಒಂದು ಕಾಲು ತೆಗೆದು ಹೊಸದಕ್ಕೆ ಹಾಕಿದ ಮೇಲೆಯೇ ಇನ್ನೊಂದು ಕಾಲನ್ನು ಬಿಡಿಸುತ್ತಾರೆ.

ಹೆಣ್ಣಿಗೂ ಇದೇ ಉಡುಪೆಂಬ ಮಾತಿಗೆ ಬೀದರಿನ ಪಕ್ಕದಲ್ಲೇ ಸಾಕ್ಷಿಯಂಥ ಜಾಗವಿದೆ. ಮುಕ್ತಸರ ಯುದ್ಧದಲ್ಲಿ ಹೋರಾಡಿದ ಮಾಯಿ ಭಾಗೋ ಗಂಡುಡುಗೆಯಲ್ಲಿ ಗುರುಗಳ ಅಂಗರಕ್ಷಕಿಯಾಗಿದ್ದರು. 1708ರಲ್ಲಿ ನಾಂದೇಡಿನಲ್ಲಿ ಗುರುಗಳು ತೀರಿಕೊಂಡ ಮೇಲೆ ದಕ್ಷಿಣಕ್ಕೆ ಬಂದು ಜನವಾಡದಲ್ಲಿ ನೆಲೆಸಿದರು. ಅವರ ನೆನಪಿನ ಗುರುದ್ವಾರ ಅಲ್ಲಿದೆ. ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಬರುವ ಯಾತ್ರಿಕರು ಅಲ್ಲಿಗೂ ಹೋಗಿಬರುತ್ತಾರೆ.

ಕಕಾರ ಧರಿಸುವುದರಲ್ಲಿ ಲೋಪವಾದರೆ ಅಮೃತಧಾರಿ ತಾನಾಗಿಯೇ ಸಂಗತದ, ಅಂದರೆ ನೆರೆದ ಸಿಖ್ಖರ ಸಭೆಯ, ಮುಂದೆ ಒಪ್ಪಿಕೊಂಡು, ವಿಧಿಸಿದ ಸೇವೆಯನ್ನು ಮಾಡಬೇಕು. ಆ ಸೇವೆ ಪಾತ್ರೆ ತೊಳೆಯುವುದಿರಬಹುದು, ಬಂದವರ ಚಪ್ಪಲಿ ಒರೆಸುವುದಿರಬಹುದು. ನಾಲ್ಕು ನಿಷೇಧಗಳಲ್ಲಿ ಒಂದನ್ನು ಮೀರಿದವರು ಐವರು ಅಮೃತಧಾರಿಗಳ ಎದುರು ಮತ್ತೆ ಅಮೃತ ಪಡೆಯಬೇಕು.