ಕಂಪ್ಯೂಟರಿನಲ್ಲಿ ಸಮರಾಭ್ಯಾಸ



ಯುದ್ಧ ಬರುವ ಮೊದಲೇ ಸೈನಿಕರು ಅದರ ಅಭ್ಯಾಸ ಮಾಡುತ್ತಾರೆ. ಇದಕ್ಕೆ ಸಮರಾಭ್ಯಾಸ ಎಂದು ಹೆಸರು. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ನಮ್ಮ ರಾಜ್ಯದ ಬೆಳಗಾವಿಯಲ್ಲಿ ಭಾರತ ಮತ್ತು ಜಪಾನಿನ ಸೈನಿಕರು 'ಧರ್ಮ ಗಾರ್ಡಿಯನ್' ಎಂಬ ಸಮರಾಭ್ಯಾಸ ಮಾಡಿದರು. ಕಾಡಿನಲ್ಲಿ, ಪೇಟೆಯಂಥ ಜಾಗದಲ್ಲಿ ಹೇಗೆ ಹೋರಾಡುವುದೆಂದು ಕಲಿತರು.

ಆದರೆ ಜನ, ಲಾರಿ, ಟ್ಯಾಂಕುಗಳನ್ನು ಮತ್ತೆ ಮತ್ತೆ ಬಯಲಿಗೆ ಇಳಿಸಲು ಬಹಳ ಖರ್ಚು. ಅದಕ್ಕೇ ಅಧಿಕಾರಿಗಳು ಕೋಣೆಯಲ್ಲಿ ಕುಳಿತು ಕಂಪ್ಯೂಟರಿನಲ್ಲೂ ಅಭ್ಯಾಸ ಮಾಡುತ್ತಾರೆ. ಇದೇ 'ವಾರ್‌ಗೇಮ್'. ಇದು ಕಂಪ್ಯೂಟರಿಗಿಂತ ಹಳೆಯದು. 1824ರಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿ ರೈಸ್‌ವಿಟ್ಸ್ ಎಂಬವರು ನಕ್ಷೆಯ ಮೇಲೆ ಕೆಂಪು, ನೀಲಿ ತುಂಡುಗಳನ್ನಿಟ್ಟು, ದಾಳ ಹಾಕಿ ಆಡುವ ಆಟವನ್ನು ಪ್ರಕಟಿಸಿದರು. ಒಂದು ಸರದಿ ಎಂದರೆ ಯುದ್ಧದ 2 ನಿಮಿಷ.

ಇದನ್ನು ಕಂಪ್ಯೂಟರಿನಲ್ಲಿ ಸಿದ್ಧ ಮಾಡುವುದು ಹೇಗೆ?

1. ನಕ್ಷೆ: ರಸ್ತೆ, ಹೊಳೆ, ಗುಡ್ಡ, ಕಾಡು ಎಲ್ಲವನ್ನೂ ತುಂಬಬೇಕು.
2. ಪಡೆಗಳು: ಎರಡೂ ಕಡೆ ಎಷ್ಟು ಜನ, ಎಷ್ಟು ಬಂದೂಕು, ಎಷ್ಟು ದಿನದ ಊಟ ಎಂದು ಬರೆಯಬೇಕು.
3. ನಿಯಮ: ಯಾವ ಜಾಗದಲ್ಲಿ ಎಷ್ಟು ಬೇಗ ನಡೆಯಬಹುದು ಎಂದು ಹೇಳಬೇಕು.
4. ಮರೆ: ಎದುರಾಳಿ ಎಲ್ಲಿದ್ದಾನೆಂದು ಪೂರ್ತಿ ಕಾಣಬಾರದು.
5. ತೀರ್ಪುಗಾರ: ಅವರಿಗೆ ಮಾತ್ರ ಎರಡೂ ಕಡೆ ಕಾಣುತ್ತದೆ.

ಇವುಗಳಲ್ಲಿ ಮೂರನೆಯದೇ ಕಷ್ಟ. ನಮ್ಮ ಬಿಜೂರನ್ನೇ ತೆಗೆದುಕೊಳ್ಳಿ. ಒಂದು ಪಡೆ 4 ಕಿ.ಮೀ. ದೂರ ಹೋಗಬೇಕು ಅಂತ ಇಟ್ಟುಕೊಳ್ಳುವ. ಬೇಸಿಗೆಯಲ್ಲಿ ಒಣಗಿದ ಗದ್ದೆಯ ಮೇಲೆ ಗಂಟೆಗೆ 5 ಕಿ.ಮೀ. ನಡೆದರೆ 48 ನಿಮಿಷ ಸಾಕು. ಮಳೆಗಾಲದ ಕೆಸರಿನಲ್ಲಿ ಗಂಟೆಗೆ 2 ಕಿ.ಮೀ. ನಡೆದರೆ 2 ಗಂಟೆ ಬೇಕು. ಕೆಸರಿನ ವಿಷಯ ಕಂಪ್ಯೂಟರಿಗೆ ಹೇಳದಿದ್ದರೆ ಲೆಕ್ಕ 1 ಗಂಟೆ 12 ನಿಮಿಷ ತಪ್ಪುತ್ತದೆ! ತೋಡಿನ ಕಾಲುಸಂಕವನ್ನು ಸೇತುವೆ ಎಂದು ಬರೆದರೆ ಕಂಪ್ಯೂಟರಿನಲ್ಲಿ ಜೀಪೂ ದಾಟಿ ಬಿಡುತ್ತದೆ. ನಿಜವಾಗಿ ಅಲ್ಲಿ ಮನುಷ್ಯರು ದಾಟುವುದೇ ಕಷ್ಟ.

ಸೈನ್ಯದಲ್ಲಿದ್ದು ಬಂದ ನಮ್ಮ ಮಾವನನ್ನು ಕೇಳಿದೆ. "ಮ್ಯಾಪಲ್ಲಿ ಗದ್ದೆ ಕಾಂತ್, ಕೆಸ್ರ್ ಕಾಂತಿಲ್ಲೆ ಮಾಣಿ" ಎಂದರು. ಹಾಗಾದರೆ ಕಂಪ್ಯೂಟರ್ ಆಟ ವ್ಯರ್ಥವೇ? ಅಲ್ಲ. ಒಂದೇ ಯೋಜನೆಯನ್ನು ಹತ್ತು ಸಲ ಆಡಿ, ಪ್ರತಿ ಸಲವೂ ಎಲ್ಲಿ ಎಡವಟ್ಟಾಯಿತೆಂದು ಕುಳಿತು ಚರ್ಚಿಸಬಹುದು. ಗೆಲ್ಲುವುದಕ್ಕಿಂತ ಈ ಚರ್ಚೆಯೇ ಮುಖ್ಯ.

ಕಂಪ್ಯೂಟರಿನಲ್ಲಿ ಸತ್ತ ಸೈನಿಕ ಮುಂದಿನ ಆಟಕ್ಕೆ ಎದ್ದು ಬರುತ್ತಾನೆ. ನಿಜವಾದ ಸೈನಿಕ ಬರುವುದಿಲ್ಲ. ಆದ್ದರಿಂದ ಆಟ ಸಿದ್ಧ ಮಾಡುವವರು ಮೊದಲು ಆ ಊರಿನ ನೆಲದ ಮೇಲೆ, ಮಳೆಗಾಲದಲ್ಲಿ ಒಮ್ಮೆಯಾದರೂ ನಡೆದು ನೋಡಬೇಕು.

– 7ನೇ ತರಗತಿ