ಪ್ರಶ್ನೆಯೇ ಶೀಲಕ್ಕೆ ಸೋಪಾನ

ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿ ‘ಪ್ರಶ್ನೋತ್ತರ ರತ್ನಮಾಲಿಕೆ’ ಎಂಬ ಸಂಸ್ಕೃತ ನೀತಿಕೃತಿಯುಂಟು. ಕಿರಿದಾದ ಪ್ರಶ್ನೆ, ಕಿರಿದಾದ ಉತ್ತರಗಳಿಂದ ನೀತಿಯನ್ನು ತಿಳಿಸುವುದೇ ಅದರ ಕ್ರಮ. ಈ ಕ್ರಮವು ನಮ್ಮ ಮಕ್ಕಳ ನಿತ್ಯಜೀವನಕ್ಕೂ ಒಪ್ಪತಕ್ಕುದು.

‘ಸತ್ಯ’ವನ್ನು ಕುರಿತ ಪ್ರಬಂಧವನ್ನೇ ನೆರೆಯವನಿಂದ ನಕಲು ಮಾಡಿದ ಬಾಲಕನಿಗೆ ಪೂರ್ಣಾಂಕ ದೊರೆತೀತು, ಶೀಲ ದೊರೆಯದು. ಆದುದರಿಂದ ಮಗುವು ಸಂಜೆ ತನ್ನನ್ನೇ ಕೇಳಿಕೊಳ್ಳಲಿ: ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು ಬಂದ ತಂದೆಗೆ ನೀರು ಕೊಟ್ಟೆನೆ? ವಾಡಿಯಲ್ಲಿ ರೈಲು ಹತ್ತಿದ ವೃದ್ಧರಿಗೆ ಸ್ಥಳ ಬಿಟ್ಟೆನೆ? ಚಿತ್ತಾಪುರದ ಸಂತೆಯಲ್ಲಿ ಹೆಚ್ಚಾಗಿ ಬಂದ ಚಿಲ್ಲರೆಯನ್ನು ಹಿಂದಿರುಗಿಸಿದೆನೆ?

ಈ ಉತ್ತರಗಳಿಗೆ ಅಂಕ ಬೇಡ; ಅಂಕದಾಸೆಗೆ ಹೇಳಿದ ಉತ್ತರವು ಮತ್ತೆ ಅಸತ್ಯವನ್ನೇ ಕಲಿಸೀತು. ಗುರುಹಿರಿಯರೂ ಇಂಥ ಪ್ರಶ್ನೆಗಳನ್ನು ತಮಗೆ ಹಾಕಿಕೊಂಡರೆ ಮಕ್ಕಳ ಆತ್ಮಪರೀಕ್ಷೆಗೆ ಬಲ ಬರುವುದು.